ಆ ಬಯಲಿಗೆ ಬಾಡಿಗೆ ಕಟ್ಟುವವರು ನಾವು

ಈ ಸಲ ಕೀನ್ಯಾದ ಮಾಸಾಯಿ ಮಾರಾಕ್ಕೆ ಪ್ರಾಣಿಗಳ ಫೋಟೊ ತೆಗೆಯಲು ಹೊರಟಿರುವ ಕನ್ನಡದ ಕ್ಯಾಮೆರಾ ಗೆಳೆಯರಿಗೂ, ಅವರನ್ನು ಗುಂಪು ಕಟ್ಟಿಕೊಂಡು ಕರೆದೊಯ್ಯುವ ಟೂರ್ ಲೀಡರ್‌ಗಳಿಗೂ ನಮಸ್ಕಾರ.

ವಾಟ್ಸ್‌ಆ್ಯಪ್‌ನಲ್ಲಿ ಪೋಸ್ಟರ್‌ಗಳು ಬರಲು ಶುರುವಾಗಿವೆ. ಮಾರಾ ನದಿಗೆ ಧುಮುಕುತ್ತಿರುವ, ದನದಂತೆ ಕಾಣುವ ಹುಲ್ಲೆ ಜಾತಿಯ ವೈಲ್ಡಬೀಸ್ಟ್‌ಗಳ ಫೋಟೊ. ಕೆಳಗೆ ಹೊರಡುವ ತಾರೀಕು, ಉಳಿದಿರುವ ಸೀಟು, ಜೀಪಿಗೆ ಎಷ್ಟು ಜನ, ಲೆನ್ಸ್ ಊರಲು ಬೀನ್ ಬ್ಯಾಗ್ ಸಿಗುತ್ತದೆ, ಸಸ್ಯಾಹಾರ ಸಿಗುತ್ತದೆ. ಎಲ್ಲ ಇದೆ. ರಾತ್ರಿ ಮಲಗುವ ಟೆಂಟ್ ಯಾರ ನೆಲದ ಮೇಲಿದೆ, ಕಟ್ಟಿದ ದುಡ್ಡಿನಲ್ಲಿ ಆ ನೆಲದವರಿಗೆ ಏನು ಸಿಗುತ್ತದೆ ಅನ್ನುವುದು ಮಾತ್ರ ನಾನು ನೋಡಿದ ಯಾವ ಪೋಸ್ಟರ್‌ನಲ್ಲೂ ಇಲ್ಲ. ಈ ಪತ್ರ ಅದರ ಬಗ್ಗೆ.

ಹೋಗಬೇಡಿ ಅಂತ ಹೇಳಲು ಬರೆಯುತ್ತಿಲ್ಲ. ಖಂಡಿತ ಹೋಗಿ. ಹೊರಗಿನವರು ಹೋಗದೇ ಇದ್ದರೆ ಅಲ್ಲಿ ಏನಾಗುತ್ತದೆ ಅಂತ ಕೋವಿಡ್ ಬಂದ 2020ರಲ್ಲಿ ಗೊತ್ತಾಗಿದೆ. ಆದರೆ ಹೋಗುವ ರೀತಿ ಬದಲಾಗಬೇಕು. ಅದೇನೂ ಕಷ್ಟದ ಕೆಲಸವಲ್ಲ, ಬುಕ್ ಮಾಡುವ ಹೊತ್ತಿಗೆ ಒಂದೆರಡು ಪ್ರಶ್ನೆ ಕೇಳಿದರೆ ಅರ್ಧ ಕೆಲಸ ಮುಗಿಯುತ್ತದೆ.

ಮೊದಲು ನಕ್ಷೆಯ ವಿಚಾರ. ನಾವೆಲ್ಲ ಸುಮ್ನೆ 'ಮಾರಾ' ಅನ್ನುತ್ತೇವೆ. ಅದರಲ್ಲಿ ಎರಡು ಬೇರೆ ಬೇರೆ ಜಾಗಗಳಿವೆ. ಒಂದು ಮಾಸಾಯಿ ಮಾರಾ ನ್ಯಾಷನಲ್ ರಿಸರ್ವ್. ಸುಮಾರು 1,510 ಚದರ ಕಿ.ಮೀ., ನಾರೋಕ್ ಕೌಂಟಿಯ ಆಡಳಿತದಲ್ಲಿದೆ. ನದಿಯ ಪಶ್ಚಿಮಕ್ಕಿರುವ ಮಾರಾ ಟ್ರಯಾಂಗಲ್ ಅನ್ನುವ ಭಾಗವನ್ನು 2001ರಿಂದ ಮಾರಾ ಕನ್ಸರ್ವೆನ್ಸಿ ಎಂಬ ಲಾಭರಹಿತ ಸಂಸ್ಥೆ ನೋಡಿಕೊಳ್ಳುತ್ತಿದೆ. ಇನ್ನೊಂದು, ಈ ರಿಸರ್ವ್‌ನ ಉತ್ತರ ಮತ್ತು ಪೂರ್ವಕ್ಕೆ ಹಬ್ಬಿರುವ ಕನ್ಸರ್ವೆನ್ಸಿಗಳು, ಅಂದರೆ ಜನ ತಮ್ಮ ನೆಲವನ್ನು ಕಾಡುಪ್ರಾಣಿಗಳಿಗೆ ಬಿಟ್ಟುಕೊಟ್ಟ ಜಾಗಗಳು (ಈಗ ಹೇಳಿದ ಸಂಸ್ಥೆ ಬೇರೆ, ಇವು ಬೇರೆ): ಓಲ್ ಕಿನ್ಯೇ, ಓಲಾರೆ ಮೊಟೊರೋಗಿ, ಮಾರಾ ನಾರ್ತ್, ನಬೊಯಿಶೊ ಹೀಗೆ. ಎಲ್ಲ ಸೇರಿಸಿದರೆ ರಿಸರ್ವ್‌ಗೆ ಸರಿಸಮ ಅನ್ನುವಷ್ಟು ಜಾಗ. ಇದು ಸರ್ಕಾರದ್ದಲ್ಲ, ದನ ಸಾಕಿ ಬದುಕುವ ಮಾಸಾಯಿ ಜನರ ಒಂದೊಂದು ಕುಟುಂಬದ ಹೆಸರಿನಲ್ಲಿರುವ ನೆಲ. ನಮ್ಮಲ್ಲಿ ಪಹಣಿ ಇದ್ದ ಹಾಗೆ ಅವರಿಗೂ ಕಾಗದಪತ್ರ ಇದೆ. ಮಾರಬಹುದು, ಬೇಲಿ ಹಾಕಬಹುದು, ಗೋಧಿ ಬಿತ್ತಬಹುದು.

ಮೊದಲು ಹೀಗಿರಲಿಲ್ಲ. ಗ್ರೂಪ್ ರ‍್ಯಾಂಚ್ ಅಂತ ಊರಿಗೆಲ್ಲ ಸೇರಿದ ಒಟ್ಟು ಹುಲ್ಲುಗಾವಲು ಇತ್ತು. ಅದು ಹಂತಹಂತವಾಗಿ ಪಾಲಾಯಿತು. ಪಾಲಾದ ಮೇಲೆ ಆಗುವುದು ಎಲ್ಲ ಕಡೆಯೂ ಒಂದೇ ಅಲ್ವಾ? ನನ್ನ ಗಡಿ ಇದು ಅಂತ ತಂತಿಬೇಲಿ ಬಂತು. ಪೂರ್ವಕ್ಕಿರುವ ಲೋಯಿಟಾ ಬಯಲಿನಲ್ಲಿ ಅದಕ್ಕೂ ಮುಂಚೆಯೇ ಗೋಧಿ ಬೆಳೆ ಕಾಲಿಟ್ಟಿತ್ತು. ಆ ಬಯಲಿಗೂ ಮಾರಾಕ್ಕೂ ನಡುವೆ ಓಡಾಡುವ, ಕೀನ್ಯಾದ ಸ್ವಂತದ್ದು ಅನ್ನಬಹುದಾದ ಒಂದು ವೈಲ್ಡಬೀಸ್ಟ್ ಹಿಂಡು ಇತ್ತು. ಪಕ್ಕದ ತಾಂಜಾನಿಯಾದ ಸೆರೆಂಗೆಟಿಯಿಂದ ಬರುವ ದೊಡ್ಡ ಹಿಂಡು ಬೇರೆ, ಇದು ಬೇರೆ. 1970ರ ದಶಕದಿಂದ ಈಚೆಗೆ ಅದು ಕಾಲುಭಾಗದ ಆಸುಪಾಸಿಗೆ ಇಳಿದಿದೆ. ಪೋಸ್ಟರ್‌ನಲ್ಲಿ ನದಿ ದಾಟುವ ಲಕ್ಷಾಂತರ ಪ್ರಾಣಿ ನೋಡಿದವರಿಗೆ ಈ ನಷ್ಟ ಕಣ್ಣಿಗೇ ಬೀಳುವುದಿಲ್ಲ.

ಇಡೀ ಕೀನ್ಯಾದ ಲೆಕ್ಕವೂ ಚೆನ್ನಾಗಿಲ್ಲ. 1977ರಿಂದ 2016ರವರೆಗಿನ ವಿಮಾನ ಸಮೀಕ್ಷೆಗಳನ್ನು ಒಟ್ಟಿಗೆ ಇಟ್ಟು ನೋಡಿದ ವಿಜ್ಞಾನಿಗಳು ಕಾಡುಪ್ರಾಣಿಗಳ ಸಂಖ್ಯೆ ಸರಾಸರಿ ಶೇ 68ರಷ್ಟು ಕುಸಿದಿದೆ ಅಂದರು. ಕೀನ್ಯಾ ಶಿಕಾರಿ ನಿಷೇಧಿಸಿದ್ದೂ ಅದೇ 1977ರಲ್ಲಿ. ಅಂದರೆ ಶಿಕಾರಿ ನಿಲ್ಲಿಸಿದರೂ ಇಳಿಕೆ ನಿಲ್ಲಲಿಲ್ಲ. ಕಳ್ಳಬೇಟೆ ಇದ್ದೇ ಇತ್ತು, ಬರಗಾಲ ಬಂತು, ಕುರಿ ಮೇಕೆ ಜಾಸ್ತಿಯಾದವು. ಆದರೆ ದೊಡ್ಡ ಪೆಟ್ಟು ಬಿದ್ದಿದ್ದು ನೆಲಕ್ಕೆ. ಆ ದೇಶದ ಕಾಡುಪ್ರಾಣಿಗಳಲ್ಲಿ ಸುಮಾರು ಶೇ 65 ಇರುವುದು ಸರ್ಕಾರದ ಉದ್ಯಾನಗಳ ಹೊರಗೆ, ಜನರ ನೆಲದಲ್ಲಿ. ಆ ಜನಕ್ಕೆ ಪ್ರಾಣಿ ಇದ್ದರೆ ಏನಾದರೂ ಸಿಗಬೇಕು. ಸಿಗದಿದ್ದರೆ ಗೋಧಿ ಸಿಗುತ್ತದೆ.

ಕನ್ಸರ್ವೆನ್ಸಿ ಹುಟ್ಟಿದ್ದು ಈ ಲೆಕ್ಕಾಚಾರದಿಂದಲೇ. 2005ರಲ್ಲಿ ಓಲ್ ಕಿನ್ಯೇ, ಮಾರನೆಯ ವರ್ಷ ಓಲಾರೆ ಒರೊಕ್ (ಮೊಟೊರೋಗಿ ಜೊತೆ ಸೇರಿ ಅದೇ ಈಗ ಓಲಾರೆ ಮೊಟೊರೋಗಿ), ಆಮೇಲೆ ಮಾರಾ ನಾರ್ತ್, 2010ರಲ್ಲಿ ನಬೊಯಿಶೊ. ಅಕ್ಕಪಕ್ಕದ ಪಾಲುದಾರರು ತಮ್ಮ ನೆಲ ಒಟ್ಟುಗೂಡಿಸಿ ಕ್ಯಾಂಪ್‌ಗಳಿಗೆ ಗುತ್ತಿಗೆ ಕೊಡುತ್ತಾರೆ. ನಬೊಯಿಶೊ ಒಂದರಲ್ಲೇ 500ಕ್ಕೂ ಹೆಚ್ಚು ಮಾಲೀಕರು ಸೇರಿ ಸುಮಾರು 50,000 ಎಕರೆ ಬಿಟ್ಟುಕೊಟ್ಟಿದ್ದಾರೆ. ಬೇಲಿ ಹಾಕುವುದಿಲ್ಲ, ಉಳುವುದಿಲ್ಲ, ಮನೆ ಕಟ್ಟುವುದಿಲ್ಲ ಅನ್ನುವುದು ಅವರ ಮಾತು. ಎಕರೆಗೆ ಇಂತಿಷ್ಟು ಅಂತ ದುಡ್ಡು ಕೊಡುವುದು ಕ್ಯಾಂಪಿನವರ ಮಾತು. ಈ ಏರ್ಪಾಡಿನಲ್ಲಿ ನನಗೆ ಬಹಳ ಹಿಡಿಸಿದ್ದು ಒಂದು ವಿಷಯ. ಟೆಂಟ್ ತುಂಬಲಿ ಖಾಲಿ ಇರಲಿ, ಬಾಡಿಗೆ ಬಾಡಿಗೆಯೇ. ಪ್ರವಾಸಿ ಬಂದರೆ ಕೊಡುತ್ತೇವೆ, ಇಲ್ಲದಿದ್ದರೆ ಇಲ್ಲ ಅನ್ನುವ ಹಾಗಿಲ್ಲ. ದುಡ್ಡು ಮುಖಂಡನ ಕೈ, ಸಮಿತಿಯ ಕೈ ಅಂತ ಸುತ್ತದೆ ನೇರ ಮಾಲೀಕನ ಖಾತೆಗೆ ಬೀಳುತ್ತದೆ. ಮಕ್ಕಳ ಸ್ಕೂಲ್ ಫೀಸ್ ಕಟ್ಟಬೇಕಾದವನಿಗೆ ಹಸು ಮಾರುವುದಕ್ಕಿಂತ ಇದು ವಾಸಿ.

ಇದಕ್ಕೆ ಪ್ರತಿಯಾಗಿ ಜೀಪು, ಟೆಂಟುಗಳ ಸಂಖ್ಯೆಗೆ ಮಿತಿ ಇದೆ. ಎಷ್ಟು ಎಕರೆಗೆ ಎಷ್ಟು ಹಾಸಿಗೆ ಅಂತ ಮೊದಲೇ ಗೊತ್ತು ಮಾಡಿರುತ್ತಾರೆ. ಅಲ್ಲಿ ತಂಗಿದವರು ಬಿಟ್ಟರೆ ಹೊರಗಿನ ಜೀಪು ಒಳಗೆ ಬರುವಂತಿಲ್ಲ. ಫೋಟೊ ತೆಗೆಯುವವರಿಗೆ ಇದರ ಬೆಲೆ ಗೊತ್ತಿರಬೇಕು: ಸಿಂಹದ ಹಿಂದೆ ಇನ್ನೊಂದು ಜೀಪಿನ ಚಕ್ರ ಬರದ ಫ್ರೇಮು ಸಿಗುತ್ತದೆ. ರಿಸರ್ವ್‌ನಲ್ಲಿ ಬಿಡದ ನಡಿಗೆ, ರಾತ್ರಿ ಸಫಾರಿ ಇಲ್ಲಿ ಉಂಟು.

ಇನ್ನೊಂದು ವಿಷಯ. ಸಿಂಹ ಎಷ್ಟಿವೆ ಅನ್ನುವುದನ್ನು ವಿಜ್ಞಾನಿಗಳಾದ ನಿಕೊಲಸ್ ಎಲಿಯಟ್ ಮತ್ತು ನಮ್ಮ ದೇಶದ ಅರ್ಜುನ್ ಗೋಪಾಲಸ್ವಾಮಿ ಲೆಕ್ಕ ಹಾಕಿ 2017ರಲ್ಲಿ ಪ್ರಕಟಿಸಿದರು. ರಿಸರ್ವ್ ಮತ್ತು ಕನ್ಸರ್ವೆನ್ಸಿಗಳನ್ನು ಸೇರಿಸಿ, 100 ಚದರ ಕಿ.ಮೀ.ಗೆ ಒಂದು ವರ್ಷ ದಾಟಿದ ಸುಮಾರು 17 ಸಿಂಹ. ಮೀಸೆಯ ಬುಡದ ಚುಕ್ಕೆ ನೋಡಿ ಒಂದೊಂದನ್ನೂ ಗುರುತಿಸಿದರು. ಉಲ್ಲಾಸ ಕಾರಂತರು 1990ರ ದಶಕದಲ್ಲಿ ನಾಗರಹೊಳೆಯಲ್ಲಿ ಪಟ್ಟೆ ನೋಡಿ ಹುಲಿ ಗುರುತಿಸಿ ಎಣಿಸಿದರಲ್ಲ, ಅದೇ ಜಾಡಿನ ಕೆಲಸ ಇದು. ಮಾರಾದ ಸಿಂಹದ ಲೆಕ್ಕಕ್ಕೂ ನಮ್ಮ ಕಬಿನಿ ದಂಡೆಗೂ ಹೀಗೊಂದು ನಂಟು ಇದೆ ಅಂತ ನನಗೆ ಸ್ವಲ್ಪ ಹೆಮ್ಮೆ.

ಇಷ್ಟು ಹೇಳಿ ನಿಲ್ಲಿಸಿದರೆ ಕ್ಯಾಂಪಿನವರ ಜಾಹೀರಾತು ಓದಿದ ಹಾಗಾಗುತ್ತದೆ. ಬೇರೆಯದೂ ಇದೆ.

ಬಾಡಿಗೆ ಸಿಗುವುದು ಹೆಸರಿನಲ್ಲಿ ನೆಲ ಇದ್ದವರಿಗೆ ಮಾತ್ರ. ಪಾಲು ಮಾಡುವಾಗ ಬಿಟ್ಟುಹೋದವರಿಗೆ ಏನೂ ಇಲ್ಲ. ಕಾಗದಗಳು ಬಹುಪಾಲು ಗಂಡಸರ ಹೆಸರಿನಲ್ಲಿವೆ. ಹಾಗಾಗಿ ದುಡ್ಡು ಮನೆಗೆ ಬಂದರೂ ಹೆಂಗಸಿನ ಕೈಗೆ ಬರುತ್ತದೆ ಅನ್ನುವ ಖಾತ್ರಿ ಇಲ್ಲ. ಅವರಿಗೆ ಸಿಗುವುದು ಮಣಿಸರದ ವ್ಯಾಪಾರ, ಕ್ಯಾಂಪಿನಲ್ಲಿ ಒಂದಿಷ್ಟು ಕೆಲಸ. ಮೊದಮೊದಲು ಕೆಲವು ಕಡೆ ಹಸು ಬರಲೇಬಾರದು ಅಂದಿದ್ದರು. ಮಾಸಾಯಿಗೆ ಹಸು ಬೇಡ ಅಂದರೆ ಹೇಗೆ? ಜಗಳವಾಯಿತು. ಈಗ ಸರದಿಯ ಮೇಲೆ ಮೇಯಿಸಲು ಬಿಡುತ್ತಾರೆ, ಬೇಸಿಗೆಯಲ್ಲಿ ಆ ಹುಲ್ಲೇ ಆಸರೆ. ಆದ್ದರಿಂದ ಕನ್ಸರ್ವೆನ್ಸಿಯಲ್ಲಿ ಹಸು ಕಂಡರೆ ಮುಖ ಸಿಂಡರಿಸಬೇಡಿ. 'ಇದೇನು, ಫ್ರೇಮಿನಲ್ಲಿ ಹಸು' ಅಂತ ಚಾಲಕನ ಹತ್ತಿರ ಗೊಣಗುವವರನ್ನು ನಾನು ನೋಡಿದ್ದೇನೆ. ನೆಲ ಆ ಹಸುವಿನ ಯಜಮಾನನದು. ನಾವು ಅಲ್ಲಿ ಬಾಡಿಗೆಗೆ ಇರುವವರು.

ಸಿಂಹಕ್ಕೂ ಹಸುವಿಗೂ ನಡುವಿನ ತಂಟೆ ಬಗೆಹರಿದಿಲ್ಲ. 2015ರ ಡಿಸೆಂಬರ್‌ನಲ್ಲಿ, ಟಿವಿಯಿಂದ ಜಗತ್ತಿಗೇ ಗೊತ್ತಾಗಿದ್ದ ಮಾರ್ಷ್ ಪ್ರೈಡ್ ಗುಂಪಿನ ಸಿಂಹಗಳಿಗೆ ವಿಷ ಹಾಕಿದರು. ಹಸು ಕಳೆದುಕೊಂಡವರು ಸತ್ತ ಹಸುವಿನ ಮೇಲೆ ಕೀಟನಾಶಕ ಸುರಿದಿದ್ದರು. ಬೀಬಿ ಎಂಬ ವಯಸ್ಸಾದ ಹೆಣ್ಣು ಸಿಂಹ ಸತ್ತಿತು. ಅದರ ಫೋಟೊ ಮಾರಿ ಎಷ್ಟು ಜನ ಎಷ್ಟು ದುಡಿದರೋ. ಹಸು ಹೋದವನಿಗೆ ಅದರಲ್ಲಿ ಬಿಡಿಗಾಸೂ ಬಂದಿರಲಿಕ್ಕಿಲ್ಲ.

ಈಗ 2020ರ ಕೋವಿಡ್ ಕಾಲದ ವಿಚಾರ. ಆ ವರ್ಷದ ಮಾರ್ಚ್ 25ರಿಂದ ಜುಲೈ ಮುಗಿಯುವವರೆಗೆ ಕೀನ್ಯಾಕ್ಕೆ ಅಂತರರಾಷ್ಟ್ರೀಯ ಪ್ರಯಾಣಿಕರ ವಿಮಾನವೇ ಇರಲಿಲ್ಲ. ಕ್ಯಾಂಪ್‌ಗಳು ಮುಚ್ಚಿದವು, ಕೆಲಸದ ಹುಡುಗರನ್ನು ಊರಿಗೆ ಕಳಿಸಿದರು. ಖಾಲಿ ಇದ್ದರೂ ಕೊಡುತ್ತೇವೆ ಅಂದಿದ್ದ ಬಾಡಿಗೆಗೂ ಕತ್ತರಿ ಬಿತ್ತು. ನೆಲ ವಾಪಸ್ ತೆಗೆದುಕೊಂಡು ಬೇಲಿ ಹಾಕೋಣ ಅನ್ನುವ ಮಾತು ಎದ್ದಿತು. ದಾನಿಗಳ ದುಡ್ಡು, ಸಾಲ ಅಂತ ಹೇಗೋ ದಡ ಮುಟ್ಟಿಸಿದರು. ಒಂದೇ ಕಂಬದ ಮೇಲೆ ನಿಂತ ವ್ಯವಸ್ಥೆ ಇದು, ಆ ಕಂಬ ಪ್ರವಾಸಿ. ಈ ದೌರ್ಬಲ್ಯ ಗೊತ್ತಿದ್ದೂ ನಾನು ಇದರ ಪರ. ಯಾಕೆಂದರೆ ಇನ್ನೊಂದು ದಾರಿ ಹೇಗಿರುತ್ತದೆ ಅನ್ನುವುದಕ್ಕೆ ಉದಾಹರಣೆ ಗಡಿಯ ಆಚೆಯೇ ಇದೆ.

ತಾಂಜಾನಿಯಾದ ಲೋಲಿಯೊಂಡೊ ಮಾರಾದಿಂದ ದೂರವೇನಿಲ್ಲ. 2022ರ ಜೂನ್‌ನಲ್ಲಿ ಅಲ್ಲಿ 1,500 ಚದರ ಕಿ.ಮೀ. ಹುಲ್ಲುಗಾವಲನ್ನು ವನ್ಯಜೀವಿಗೆ ಮೀಸಲು ಅಂತ ಸರ್ಕಾರ ಗಡಿಗಲ್ಲು ನೆಟ್ಟಿತು. ಮಾಸಾಯಿಗಳು ಅಡ್ಡ ನಿಂತರು. ಗುಂಡು ಹಾರಿತು, ಹಲವರು ಗಾಯಗೊಂಡರು, ಒಬ್ಬ ಪೊಲೀಸ್ ಸತ್ತ. ಎಷ್ಟೋ ಜನ ಗಡಿ ದಾಟಿ ಕೀನ್ಯಾಕ್ಕೆ ಓಡಿಬಂದರು. ಇದಕ್ಕೂ ಸಂರಕ್ಷಣೆ ಅಂತಲೇ ಹೆಸರು, ಇಲ್ಲೂ ಪ್ರವಾಸೋದ್ಯಮದ ದುಡ್ಡೇ ಗುರಿ. ಹಾಗಾಗಿ 'ಸಫಾರಿಯಿಂದ ಸ್ಥಳೀಯರಿಗೆ ಲಾಭ' ಅನ್ನುವ ಮಾತನ್ನು ಎಲ್ಲ ಕಡೆಗೂ ಒಂದೇ ತೂಕದಲ್ಲಿ ಹಂಚಲು ನನ್ನಿಂದ ಆಗುವುದಿಲ್ಲ. ನೆಲ ಯಾರ ಹೆಸರಿನಲ್ಲಿದೆ, 'ಆಗಲ್ಲ' ಅನ್ನುವ ಹಕ್ಕು ಅವರಿಗೆ ಇದೆಯಾ, ಅದನ್ನು ನೋಡಬೇಕು.

ರುವಾಂಡಾದ ದಾರಿ ಮತ್ತೊಂದು. ಅಲ್ಲಿ ಬೆಟ್ಟದ ಗೊರಿಲ್ಲಾ ನೋಡುವ ಪರ್ಮಿಟ್ 2017ರಿಂದ 1,500 ಡಾಲರ್. ಒಂದು ಗೊರಿಲ್ಲಾ ಕುಟುಂಬಕ್ಕೆ ದಿನಕ್ಕೆ ಎಂಟೇ ಜನ, ಒಂದೇ ಗಂಟೆ. ಉದ್ಯಾನಗಳ ಆದಾಯದಲ್ಲಿ ಶೇ 10 ಸುತ್ತಲಿನ ಊರುಗಳ ಶಾಲೆ, ರಸ್ತೆ, ನೀರಿಗೆ. ರುವಾಂಡಾ, ಉಗಾಂಡಾ, ಕಾಂಗೊ ಸೇರಿ ಈ ಗೊರಿಲ್ಲಾಗಳು ಸಾವಿರ ದಾಟಿವೆ. 2018ರಲ್ಲಿ ಪ್ರಕೃತಿ ಸಂರಕ್ಷಣೆಯ ಅಂತರರಾಷ್ಟ್ರೀಯ ಒಕ್ಕೂಟ ಐಯುಸಿಎನ್ ಅವುಗಳ ಅಪಾಯದ ಮಟ್ಟವನ್ನು ಒಂದು ಮೆಟ್ಟಿಲು ಇಳಿಸಿತು. ದುಬಾರಿ, ನಿಜ. ನಮ್ಮಂಥವರ ಜೇಬಿಗೆ ಅದು ಎಟುಕುವುದಿಲ್ಲ ಅನ್ನುವುದೂ ನಿಜ. ಮತ್ತೆ ಮಾರಾಕ್ಕೆ ಬರೋಣ.

ಚೀತಾ ವಿಷಯ ಹೇಳಲೇಬೇಕು, ಯಾಕೆಂದರೆ ನೇರವಾಗಿ ನಮ್ಮ ಮೇಲಿನ ದೂರು ಅದು.

ಬೆಳಿಗ್ಗೆ ಏಳರ ಬಿಸಿಲು. ಗೆದ್ದಲು ಹುತ್ತದ ಮೇಲೆ ತಾಯಿ ಚೀತಾ ಕೂತಿದೆ, ಕೆಳಗೆ ಹುಲ್ಲಿನಲ್ಲಿ ಮರಿಗಳ ಬೆನ್ನಿನ ಬೂದು ಕೂದಲು ಮಾತ್ರ ಕಾಣುತ್ತದೆ. ರೇಡಿಯೊದಲ್ಲಿ 'ದುಮಾ, ದುಮಾ' ಅಂತ ಕೂಗು ಹೋಗುತ್ತದೆ, ಸ್ವಾಹಿಲಿಯಲ್ಲಿ ಚೀತಾಗೆ ಹಾಗೆ ಹೇಳುತ್ತಾರೆ. ಸ್ವಲ್ಪ ಹೊತ್ತಿನಲ್ಲಿ ನಾಲ್ಕೂ ಕಡೆಯಿಂದ ಜೀಪು. ನಿಯಮ ಏನೋ ಇದೆ: ಒಂದು ಪ್ರಾಣಿಯ ಹತ್ತಿರ ಒಂದು ಸಲಕ್ಕೆ ಐದೇ ವಾಹನ, ಉಳಿದವರು ದೂರದಲ್ಲಿ ಕಾಯಬೇಕು. ಕಾಯುವವರು ಯಾರು? ನಮ್ಮ ಜೀಪಿನಲ್ಲಿ ಹಿಂದಿನಿಂದ ಒಬ್ಬರು, 'ಭೈಯಾ, ಸ್ವಲ್ಪ ಲೆಫ್ಟಿಗೆ, ಹುಲ್ಲು ಅಡ್ಡ ಬರುತ್ತಿದೆ.' ಇನ್ನೊಬ್ಬರು, 'ಟಿಪ್ಸ್ ಚೆನ್ನಾಗಿ ಕೊಡ್ತೀವಿ, ಹತ್ತಿರ ಹೋಗು.' ಚಾಲಕ ಕನ್ನಡಿಯಲ್ಲಿ ಒಮ್ಮೆ ಹಿಂದೆ ನೋಡುತ್ತಾನೆ, ಒಮ್ಮೆ ರೇಂಜರ್ ಗಾಡಿ ಇದೆಯಾ ಅಂತ ಆಚೆ ನೋಡುತ್ತಾನೆ, ಗೇರ್ ಹಾಕುತ್ತಾನೆ. ಅವನ ಸಂಪಾದನೆಯಲ್ಲಿ ಟಿಪ್ಸ್ ದೊಡ್ಡ ಪಾಲು. ನೀವು ಕೇಳಿದ ಮೇಲೆ ಆಗಲ್ಲ ಅನ್ನುವುದು ಅವನಿಗೆ ಸುಲಭವಿಲ್ಲ. ಸಿಕ್ಕಿಬಿದ್ದರೆ ಬಿಸಿ ತಟ್ಟುವುದು ಮಾತ್ರ ಮೊದಲು ಅವನಿಗೆ.

ಫೆಮ್ಕೆ ಬ್ರೂಕ್ಹೌಸ್ ಎಂಬ ವಿಜ್ಞಾನಿ ಮಾರಾದ ತಾಯಿ ಚೀತಾಗಳನ್ನು ಹಿಂಬಾಲಿಸಿ 2018ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಪ್ರವಾಸಿಗರು ಕಡಿಮೆ ಇರುವ ಕಡೆ ಒಂದು ಸೂಲಿಗೆ ಸರಾಸರಿ 2.3 ಮರಿ ಬೆಳೆದು ದೊಡ್ಡವಾದವು. ಪ್ರವಾಸಿಗರು ಜಾಸ್ತಿ ಇರುವ ಕಡೆ 0.2. ಅಂದರೆ ಐದು ಸಲ ಮರಿ ಹಾಕಿದರೆ ಬದುಕುವುದು ಒಂದು. ಜೀಪು ಚೀತಾವನ್ನು ಗುದ್ದಿ ಕೊಲ್ಲುವುದಿಲ್ಲ. ಬೇಟೆ ತಪ್ಪುತ್ತದೆ, ಹಿಡಿದದ್ದನ್ನು ನೆಮ್ಮದಿಯಾಗಿ ತಿನ್ನಲು ಆಗುವುದಿಲ್ಲ, ಗಲಾಟೆಗೆ ಕತ್ತೆಕಿರುಬ, ಸಿಂಹ ಬರುತ್ತವೆ. ಹಗಲಲ್ಲಿ ಬೇಟೆಯಾಡುವ ಪ್ರಾಣಿಗೆ ನಮ್ಮ ಸಫಾರಿಯ ಹೊತ್ತೇ ಊಟದ ಹೊತ್ತು. ಆ ಮರಿಗಳ ಫೋಟೊ ಇನ್‌ಸ್ಟಾಗ್ರಾಂನಲ್ಲಿ ಸಾವಿರ ಲೈಕ್ ತರುವಾಗ ಮರಿಗಳು ಇರುತ್ತವೋ ಇಲ್ಲವೋ.

ಸಂರಕ್ಷಣೆಗೆ ದುಡ್ಡು ಕೊಡುವವರೂ ನಾವೇ, ಮರಿಗಳಿಗೆ ಕುತ್ತು ತರುವವರೂ ನಾವೇ. ಯಾವುದಾಗುತ್ತೇವೆ ಅನ್ನುವುದು ಎಲ್ಲಿ ತಂಗುತ್ತೇವೆ, ಜೀಪಿನಲ್ಲಿ ಹೇಗೆ ನಡೆದುಕೊಳ್ಳುತ್ತೇವೆ ಅನ್ನುವುದರ ಮೇಲಿದೆ. ಅಷ್ಟಕ್ಕೇ ನನ್ನ ಕೋರಿಕೆಗಳೂ ಇವೆ.

ಹೋಗುವ ಗೆಳೆಯರಿಗೆ ಮೊದಲು. ಬುಕ್ ಮಾಡುವ ಮುಂಚೆ ಕೇಳಿ: ಟೆಂಟ್ ಇರುವುದು ಎಲ್ಲಿ? 'ಮಾರಾದಲ್ಲೇ' ಅಂದರೆ ಸಾಲದು. ನಮ್ಮ ಕಡೆಯ ಗುಂಪುಗಳಲ್ಲಿ ಬಹಳಷ್ಟು ರಿಸರ್ವ್‌ನ ತಾಲೆಕ್, ಸೆಕೆನಾನಿ ಗೇಟಿನ ಹೊರಗೆ ಒತ್ತೊತ್ತಾಗಿ ಎದ್ದಿರುವ ಕ್ಯಾಂಪ್‌ಗಳಲ್ಲಿ ಉಳಿಯುತ್ತವೆ. ಅಗ್ಗ ಅನ್ನುವುದು ಕಾರಣ, ಒಪ್ಪುತ್ತೇನೆ. ಆದರೆ ಅಲ್ಲಿ ಮಲಗಿದ ರಾತ್ರಿಗಳಿಂದ ಕನ್ಸರ್ವೆನ್ಸಿಯ ಬಾಡಿಗೆಗೆ ಏನೂ ಸೇರುವುದಿಲ್ಲ. ನಮ್ಮ ಜೀಪುಗಳು ಮಾತ್ರ ದಿನವೂ ರಿಸರ್ವ್‌ಗೆ ನುಗ್ಗುತ್ತವೆ. ನದಿ ದಾಟುವುದನ್ನು ನೋಡಲು ರಿಸರ್ವ್‌ಗೆ ಹೋಗಲೇಬೇಕು, ಅದು ಗೊತ್ತು. ಹೋಗಿ. ಆದರೆ ಎಲ್ಲ ದಿನವೂ ಅಲ್ಲ. ರಿಸರ್ವ್‌ನ ಪ್ರವೇಶ ದರ 2024ರಿಂದ ವಿದೇಶಿ ವಯಸ್ಕರಿಗೆ ಜುಲೈನಿಂದ ಡಿಸೆಂಬರ್‌ವರೆಗೆ ದಿನಕ್ಕೆ 200 ಡಾಲರ್, ಅದೂ 12 ಗಂಟೆಗೆ. ಕನ್ಸರ್ವೆನ್ಸಿಯೊಳಗೇ ಸುತ್ತುವ ದಿನ ಆ ದುಡ್ಡು ಕಟ್ಟಬೇಕಿಲ್ಲ, ಕನ್ಸರ್ವೆನ್ಸಿಯ ಶುಲ್ಕ ಕಟ್ಟಿದರೆ ಆಯಿತು. ಎರಡು ಮೂರು ರಾತ್ರಿ ಅಲ್ಲಿ ಉಳಿದು ನದಿಗೆ ಒಂದೆರಡು ದಿನ ಇಟ್ಟುಕೊಂಡರೆ, ಒಟ್ಟು ಲೆಕ್ಕದಲ್ಲಿ ನೀವು ಅಂದುಕೊಂಡಷ್ಟು ವ್ಯತ್ಯಾಸ ಬರುವುದಿಲ್ಲ. ಕೂತು ಲೆಕ್ಕ ಹಾಕಿ.

ಸಾಧ್ಯವಾದರೆ ಜನವರಿ, ಫೆಬ್ರವರಿ ಅಥವಾ ಜೂನ್‌ನಲ್ಲಿ ಹೋಗಿ. ಆಗ ರಿಸರ್ವ್‌ನ ದರವೂ ಅರ್ಧ, 100 ಡಾಲರ್. ವೈಲ್ಡಬೀಸ್ಟ್‌ನ ದೊಡ್ಡ ಹಿಂಡು ಇಲ್ಲದಿದ್ದರೆ ಏನಂತೆ, ಸಿಂಹ, ಆನೆ, ಚಿರತೆ ಎಲ್ಲೂ ಹೋಗಿರುವುದಿಲ್ಲ. ಆಗಸ್ಟ್‌ನಲ್ಲಿ ತುಂಬಿ ತುಳುಕುವ ಕ್ಯಾಂಪಿಗೆ ಇನ್ನೂ ಒಂದು ಗುಂಪು ಹೋದರೆ ಯಾರಿಗೂ ದೊಡ್ಡ ಉಪಕಾರವಿಲ್ಲ. ಖಾಲಿ ತಿಂಗಳಲ್ಲೂ ಬಾಡಿಗೆ ಕಟ್ಟಬೇಕಲ್ಲ, ಆಗ ಹೋದವರಿಂದ ನಿಜವಾಗಿ ಅನುಕೂಲ.

ಟೂರ್ ಲೀಡರ್‌ಗಳೇ, ನಿಮ್ಮ ಹತ್ತಿರ ಕೇಳುವುದು ಸ್ವಲ್ಪ ಜಾಸ್ತಿ, ಯಾಕೆಂದರೆ ಗುಂಪು ನಿಮ್ಮ ಮಾತು ಕೇಳುತ್ತದೆ. ಮೊದಲ ದಿನವೇ ಎಲ್ಲರ ಎದುರಿಗೆ ಚಾಲಕನಿಗೆ ಹೇಳಿಬಿಡಿ: ನಿಯಮ ಮುರಿಯಬೇಡ, ಟಿಪ್ಸ್ ಅದಕ್ಕೆ ಕಡಿಮೆಯಾಗುವುದಿಲ್ಲ. ಟಿಪ್ಸ್ ಮೊತ್ತವನ್ನು ಮೊದಲೇ ಗೊತ್ತು ಮಾಡಿ, ಸಿಕ್ಕ ಫೋಟೊಗೆ ಗಂಟು ಹಾಕಬೇಡಿ. ಗೈಡ್ ಹುಡುಕುವಾಗ ಆ ನೆಲದ ಮಾಸಾಯಿ ಹುಡುಗರನ್ನೇ ಕೇಳಿ. 2005ರಲ್ಲಿ ಶುರುವಾದ ಕೊಯಿಯಾಕಿ ಗೈಡಿಂಗ್ ಸ್ಕೂಲ್‌ನಲ್ಲಿ ಕಲಿತವರು ಈಗ ಎಷ್ಟೋ ಕ್ಯಾಂಪ್‌ಗಳಲ್ಲಿದ್ದಾರೆ. ಹಕ್ಕಿ, ಹುಲ್ಲು, ಹೆಜ್ಜೆ ಗುರುತು ಅವರು ತೋರಿಸುವ ಹಾಗೆ ನೈರೋಬಿಯಿಂದ ಬಂದ ಚಾಲಕ ತೋರಿಸುವುದು ಕಷ್ಟ. ಚೀತಾ ಮರಿಗಳ ಫೋಟೊ ಹಾಕಿ ಸೀಟು ತುಂಬಿಸುವುದನ್ನು ದಯವಿಟ್ಟು ಬಿಡಿ. 'ಗ್ಯಾರಂಟಿ ಕ್ರಾಸಿಂಗ್', ಅಂದರೆ ಹಿಂಡು ನದಿ ದಾಟುವುದನ್ನು ತೋರಿಸಿಯೇ ತೋರಿಸುತ್ತೇವೆ ಅನ್ನುವುದನ್ನೂ ಬಿಡಿ. ಗ್ಯಾರಂಟಿ ಕೊಟ್ಟ ಮೇಲೆ ಅದನ್ನು ತೋರಿಸಲು ಚಾಲಕ ನದಿದಡಕ್ಕೆ ನುಗ್ಗಲೇಬೇಕಾಗುತ್ತದೆ. ಎದುರಿಗೆ ಗಾಡಿ ಸಾಲು ನಿಂತರೆ ವೈಲ್ಡಬೀಸ್ಟ್‌ಗೆ ಹತ್ತಿ ಬರಲು ದಾರಿ ಉಳಿಯುವುದಿಲ್ಲ.

ಮುಂದಿನ ಪೋಸ್ಟರ್‌ನಲ್ಲಿ ಮೂರು ಸಾಲು ಸೇರಿಸಿ: ಎಷ್ಟು ರಾತ್ರಿ ಯಾವ ಕನ್ಸರ್ವೆನ್ಸಿಯಲ್ಲಿ, ಕಟ್ಟುವ ಮೊತ್ತದಲ್ಲಿ ಕನ್ಸರ್ವೆನ್ಸಿ ಶುಲ್ಕ ಎಷ್ಟು, ಚಾಲಕನಿಗೆ ನೀವು ಕೊಟ್ಟಿರುವ ಸೂಚನೆ ಏನು. ಇಷ್ಟು ಬರೆದ ಪೋಸ್ಟರ್ ಬಂದರೆ ನನ್ನ ಗೆಳೆಯರ ಗುಂಪುಗಳಿಗೆಲ್ಲ ನಾನೇ ಕಳಿಸುತ್ತೇನೆ. ದರ ಬೇರೆಯವರಿಗಿಂತ ಸ್ವಲ್ಪ ಜಾಸ್ತಿ ಇದ್ದರೂ ಪರವಾಗಿಲ್ಲ, ಯಾಕೆ ಜಾಸ್ತಿ ಅಂತ ಪಕ್ಕದಲ್ಲೇ ಬರೆದಿರುತ್ತದಲ್ಲ.

ಇಂತಿ,
ನಿಮ್ಮ ಹಾಗೆಯೇ ಲೆನ್ಸ್ ಹೊತ್ತು ತಿರುಗುವ ಮೈಸೂರಿನವನೊಬ್ಬ